ಹಳೇ ಲ್ಯಾಪ್‌ಟಾಪ್: ಮೈಬಣ್ಣಕ್ಕೆ ಮರುಳಾದೀರಿ!

ಬೆಂಗಳೂರಿನ ಎಸ್.ಪಿ. ರಸ್ತೆ. ಮಗಳ ಡಿಗ್ರಿ ಓದಿಗೆಂದು ಚೀಟಿ ಎತ್ತಿ, ಹದಿನೈದು ಸಾವಿರ ಜೇಬಿನಲ್ಲಿಟ್ಟುಕೊಂಡು ಬೆಳಗಿನ ಬಸ್ಸಿಗೆ ಬಂದ ಟೈಲರೊಬ್ಬರ ಮುಂದೆ ಅಂಗಡಿಯವ ಹಳೇ ಲ್ಯಾಪ್‌ಟಾಪ್ ಇಟ್ಟ. ಮೈಯೆಲ್ಲ ಫಳಫಳ.

"ಕಂಪೆನಿ ಮಾಲು ಯಜಮಾನ್ರೇ, ಕಣ್ಮುಚ್ಚಿ ತಗೊಳ್ಳಿ."

"ಹೊಲಿಗೆ ಒಳಗಡೆಯಿಂದ ನೋಡಬೇಕಣ್ಣ" ಅಂದರು ಟೈಲರ್.

ಸರಿಯಾದ ಮಾತು. ಮೊದಲು ಚಾರ್ಜರ್ ಕಿತ್ತು ಅರ್ಧ ಗಂಟೆ ಓಡಿಸಿ. ವಿಂಡೋಸ್‌ನಲ್ಲೇ ಬ್ಯಾಟರಿ ರಿಪೋರ್ಟ್ ತೆಗೆಯಬಹುದು. ಹೊಸದರಲ್ಲಿ 50,000 ಇದ್ದ ಶಕ್ತಿ ಈಗ 25,000 ಎಂದು ತೋರಿಸಿದರೆ ಅರ್ಧ ಆಯಸ್ಸು ಮುಗಿದಂತೆ. ಹೊಸ ಬ್ಯಾಟರಿಯ ದುಡ್ಡನ್ನು ರೇಟಿನಲ್ಲಿ ಮುರಿದುಕೊಳ್ಳಿ.

ಕೀಲಿಗಳನ್ನು ಒಂದೊಂದಾಗಿ ಒತ್ತಿ. ಪರದೆಯನ್ನು ಪೂರ್ತಿ ಬಿಳಿ ಮಾಡಿ. ಚುಕ್ಕಿ, ಗೆರೆ ಇದ್ದರೆ ಕಾಣುತ್ತೆ. ಎಲ್ಲ ಯುಎಸ್‌ಬಿ ಕಿಂಡಿಗೂ ಪೆನ್‌ಡ್ರೈವ್ ಹಾಕಿ. ಬಯಾಸ್ ಪಾಸ್‌ವರ್ಡ್ ಕೇಳಿ, ಅಂಗಡಿಯವ ತೆಗೆದುಕೊಡದಿದ್ದರೆ ಎದ್ದು ಬನ್ನಿ.

ಮುಖ್ಯ ಸಂಗತಿ ಇನ್ನೊಂದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಬೇಕೆಂದರೆ, ಇಂಟೆಲ್‌ನಲ್ಲಿ ಹೆಚ್ಚುಕಮ್ಮಿ 8ನೇ ಜನರೇಷನ್ ಇಲ್ಲವೇ ಅದರಿಂದ ಈಚಿನದೇ ಆಗಬೇಕು. "ಐ-5 ಇದೆ" ಅಂದರೆ ಸಾಲದು, ಎಷ್ಟನೇದು ಅಂತ ಕೇಳಿ.

ಟೈಲರ ಮಗಳು ಕೇಳಿದಳು. 6ನೇದು! ಅಪ್ಪ, ಮಗಳು ಎದ್ದರು. "ಕೂತ್ಕೊಳ್ಳಿ ಯಜಮಾನ್ರೇ" ಎಂದವನೇ ಅಂಗಡಿಯವ ಒಳಗಿಂದ 8ನೇ ಜನರೇಷನ್ನಿನದು ತಂದ. ಮೂಲೆಯಲ್ಲಿ ಗೀರಿತ್ತು, ಬ್ಯಾಟರಿ ಗಟ್ಟಿ ಇತ್ತು. ಬಿಲ್ಲಿನಲ್ಲಿ ಸೀರಿಯಲ್ ನಂಬರು, ತಿಂಗಳ ವಾರಂಟಿ ಬರೆಸಿಕೊಂಡ ಮೇಲೇ ಟೈಲರು ಜೇಬಿಗೆ ಕೈ ಹಾಕಿದ್ದು.