ಹೊಗೆಯಾರಿದ ಹಂಚಿನ ಕಾರ್ಖಾನೆಗಳು

ನಮ್ಮ ಕಾಸರಗೋಡು ಸೀಮೆಯ ಮುಳಿಹುಲ್ಲಿನ ಮಾಡುಗಳಿಗೆ ಹಂಚು ಹೊದಿಸಿದ್ದು ಮಂಗಳೂರು. 1865ರಲ್ಲಿ ಬಾಸೆಲ್ ಮಿಶನ್‌ನವರು ಅಲ್ಲಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಹೊಳೆದಡದ ಆವೆಮಣ್ಣು ಅಚ್ಚಿನಲ್ಲಿ ಒತ್ತಿಸಿಕೊಂಡು, ಗೂಡಿನಲ್ಲಿ ಬೆಂದು ನಮ್ಮ ಮನೆಗಳಿಗೆ ಬಂತು.

ಮುಂದೆ ಕಾಂಕ್ರೀಟಿನ ತಾರಸಿ ಬಂತು; ಮಣ್ಣು, ಸೌದೆ ತುಟ್ಟಿಯಾದವು. ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಮುಚ್ಚಿದವು. ಊರು ಬೆಳೆದು ನಗರವಾದಾಗ ಹಂಚಿಗಿಂತ ಕಾರ್ಖಾನೆಯ ಜಾಗಕ್ಕೇ ಬೆಲೆ ಹೆಚ್ಚಾಯಿತು. ಹೊಗೆಗೊಳವೆ ಉರುಳಿಸಲು ಹೆಚ್ಚು ದಿನ ಬೇಡ. ಆದರೆ ಅದರಡಿ ದುಡಿದ ಹೆಂಗಸರು, ಗಂಡಸರ ಕೈಚಳಕವನ್ನೂ ಕಷ್ಟವನ್ನೂ ಬರೆದಿಡುವವರು ಯಾರು?

ಅಂಥ ಒಂದು ಕಾರ್ಖಾನೆಯಾದರೂ ಮುಂದಿನವರು ನೋಡಿ ಕಲಿಯಲು ಉಳಿಯಬೇಕು. ನಾವೂ ಹಳೆಯ ಮಾಡು ಕಳಚುವ ಮೊದಲು ಹಂಚಿನ ಅಚ್ಚಕ್ಷರಗಳನ್ನು ಮಕ್ಕಳಿಂದ ಓದಿಸೋಣ. ಹಿರಿಯರ ನೆನಪನ್ನು ಕೇಳಿ ಬರೆದಿಡೋಣ. ಮಳೆಗೆ ನಮ್ಮ ತಲೆ ಕಾಯ್ದವರನ್ನು ಮರೆಯಬಹುದೇ?