ಹಿಂಸೆಯ ಮನೆ, ಕೊಟ್ಟಿಗೆಯ ಮೂಕಜೀವ

ಅಶೋಕನ ಹೆಸರನ್ನೇ ಹೊತ್ತ ಶಾಸನವು ಮಸ್ಕಿಯ ಬಂಡೆಯೊಂದರಲ್ಲಿ 1915ರಲ್ಲಿ ಬೆಳಕಿಗೆ ಬಂದಿತು. ಆ ಅರಸನು ತನ್ನ ಮತ್ತೊಂದು ಶಾಸನದಲ್ಲಿ ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿಸಿದುದನ್ನು ಹೇಳಿದ್ದಾನೆ. ಈ ಎರಡು ಜೀವಗಳನ್ನೂ ಒಟ್ಟಿಗೆ ನೆನೆಯಬೇಕಾದ ಸಂದರ್ಭವೊಂದು ನಮ್ಮ ಮನೆಗಳೊಳಗೂ ಉಂಟು.

ಗಂಡನ ಹೊಡೆತ ತಾಳಲಾರದೆ ಹೊರಟ ಹೆಂಗಸು ಕೆಲವೊಮ್ಮೆ ಹೊಸ್ತಿಲಲ್ಲೇ ನಿಂತುಬಿಡುತ್ತಾಳೆ. ಕೂಸನ್ನು ಕಂಕುಳಲ್ಲಿ ಎತ್ತಿಕೊಳ್ಳಬಹುದು; ತವರಿನವರು ಕೊಟ್ಟ ಎಮ್ಮೆಯನ್ನು, ಮರಿಯಿಂದ ಸಾಕಿದ ಆಡನ್ನು, ಬಾಗಿಲ ನಾಯಿಯನ್ನು ಒಯ್ಯುವುದೆಂತು? ತಾನು ಹೋದ ಮೇಲೆ ಆ ಸಿಟ್ಟು ಮೂಕಜೀವದ ಮೇಲೆ ತಿರುಗೀತೆಂಬ ಭಯ ಅವಳದು. ಹಾಲು ಮಾರಿದ ಕಾಸೇ ಅವಳ ಕೈಗಂಟಾಗಿರುವುದೂ ಉಂಟು. ಇದನ್ನು ಬರಿಯ ಮೋಹವೆಂದು ನಗುವುದು ತರವಲ್ಲ.

ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ಸಂರಕ್ಷಿಸುವ 2005ರ ಕಾಯಿದೆಯು 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಅದರಂತೆ ಅವಳು ಮನೆ ಬಿಡಲೇಬೇಕೆಂದಿಲ್ಲ. ಆ ಮನೆಯಲ್ಲಿ ವಾಸಿಸುವ ಹಕ್ಕು ಅವಳಿಗಿದೆ. ಹಿಂಸಿಸುವ ಗಂಡನನ್ನೇ ಹೊರಗಿರಿಸುವಂತೆ ಮ್ಯಾಜಿಸ್ಟ್ರೇಟರು ಆಜ್ಞೆ ಮಾಡಬಹುದು. ಅವಳ ಸ್ತ್ರೀಧನವನ್ನೂ ಅವಳಿಗೆ ಸಲ್ಲುವ ಬೇರೆ ಸ್ವತ್ತನ್ನೂ ಹಿಂದಿರುಗಿಸುವಂತೆ ವಿಧಿಸಬಹುದು. ತವರಿನ ಎಮ್ಮೆಯನ್ನು ಈ ದಾರಿಯಲ್ಲಿ ಕೇಳಬಹುದು. ಅದರ ಕಿವಿಗೆ ಹಾಕಿದ ಗುರುತಿನ ಸಂಖ್ಯೆ, ವಿಮೆಯ ಕಾಗದ, ಹಾಲಿನ ಪುಸ್ತಕ ಇವು ಒಡೆತನಕ್ಕೆ ಸಾಕ್ಷಿಯಾದಾವು. ಇವುಗಳನ್ನು ಮೊದಲೇ ತೆಗೆದಿರಿಸುವುದು ಲೇಸು. ಇನ್ನು ಪ್ರಾಣಿಯನ್ನು ಹೊಡೆದು ಹಿಂಸಿಸುವುದೋ, 1960ರ ಕಾಯಿದೆಯ ಪ್ರಕಾರ ಅಪರಾಧ.

ಮಸ್ಕಿಯ ಹೆಣ್ಣುಮಗಳು ಲಿಂಗಸುಗೂರಿನ ಅಥವಾ ಸಿಂಧನೂರಿನ ತವರಿಗೆ ಬಂದು ತಂಗಿದ್ದರೆ ಅಲ್ಲಿನ ನ್ಯಾಯಾಲಯದಲ್ಲೇ ಅರ್ಜಿ ಕೊಡಬಹುದು. ತಾತ್ಕಾಲಿಕವಾಗಿ ಇರುವ ಸ್ಥಳವೂ ಸಾಕು. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಸಂರಕ್ಷಣಾಧಿಕಾರಿಗಳಾಗಿ ವರದಿ ಬರೆದು ನೆರವಾಗುತ್ತಾರೆ. ಸಾಮಾನ್ಯವಾಗಿ 3 ದಿನಗಳೊಳಗೆ ಮೊದಲ ವಿಚಾರಣೆ ನಡೆಯಬೇಕೆಂಬುದು ಕಾಯಿದೆಯ ವಿಧಿ.

ಇಲ್ಲಿ ನೆರೆಹೊರೆಯವರ ಪಾತ್ರ ದೊಡ್ಡದು. ಸದ್ಭಾವನೆಯಿಂದ ಸಂರಕ್ಷಣಾಧಿಕಾರಿಗೆ ಸುದ್ದಿ ಮುಟ್ಟಿಸಿದವರ ಮೇಲೆ ಸಿವಿಲ್ ಅಥವಾ ಕ್ರಿಮಿನಲ್ ಹೊಣೆ ಬೀಳದು. ವ್ಯವಧಾನವಿದ್ದರೆ, ಅವಳು ಹೊರಡುವ ಮುನ್ನವೇ ಮೇವಿನ ನೆಪದಲ್ಲಿ ಆಡನ್ನೋ ಎಮ್ಮೆಯನ್ನೋ ನಂಬಿಕೆಯವರ ಹಟ್ಟಿಗೆ ಸಾಗಿಸಿ, ಆ ಜಾಗದ ಸುಳಿವು ಕೊಡದಿರಬೇಕು. ಜೀವಕ್ಕೇ ಅಪಾಯ ಬಂದಾಗ ಮಾತ್ರ ತಡಮಾಡದೆ ಅವಳು ಮಕ್ಕಳೊಡನೆ ಹೊರಡತಕ್ಕದ್ದು. ಸ್ವತ್ತನ್ನು ಆಮೇಲೆ ಕೇಳಬಹುದು. ತುರ್ತಿಗೆ 112, ಸಲಹೆಗೆ 181.

“ನಿನ್ನ ಎಮ್ಮೆಗೆ ನಾವು ಮೇವು ಹಾಕುತ್ತೇವೆ, ನೀನು ಹೋಗು” ಎಂಬ ಒಂದು ಮಾತು ಅವಳ ಜೀವವನ್ನು ಉಳಿಸೀತು. ಆ ಮಾತನ್ನು ಆಡಲು ನಾವು ಸಿದ್ಧರಿರಬೇಕು.