ಹಪ್ಪಳದ ಲೆಕ್ಕ

ಅಮ್ಮನ ಕೈರುಚಿಯ ಹಪ್ಪಳವನ್ನೇ ಉದ್ಯೋಗವಾಗಿಸುವ ಆಸೆ ನಿಮ್ಮಲ್ಲಿ ಹಲವರಿಗಿದೆ. ಒಳ್ಳೆಯದೇ. ಆದರೆ ಬಂಡವಾಳಕ್ಕೆಂದು ಅಮ್ಮನ ಬಳೆ ಅಡವಿಡಲು ಹೊರಡಬೇಡಿ. 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯಲ್ಲಿ 50 ಸಾವಿರ ರೂಪಾಯಿವರೆಗಿನ ‘ಶಿಶು’ ಸಾಲಕ್ಕೆ ಅಡಮಾನ ಬೇಡ. ಮನೆಯಲ್ಲೇ ಮಾಡಿದರೂ ಆಹಾರ ಸುರಕ್ಷತೆಯ ನೋಂದಣಿ ಮಾತ್ರ ಬೇಕು.

ಸಾಲ ಸಿಕ್ಕಿತೆಂದು ಎಲ್ಲವನ್ನೂ ಯಂತ್ರಕ್ಕೆ ಸುರಿದಿರೋ, ಕೆಟ್ಟಿರಿ! ಅಂಗಡಿಯವರು ದುಡ್ಡು ಕೊಡುವುದು ತಿಂಗಳ ಮೇಲೆ. ಉದ್ದಿನಬೇಳೆಯವನಿಗೆ ಇಂದೇ ಕೊಡಬೇಕು. ಆ ನಡುವಿನ ಖರ್ಚಿಗೆ ಕೈಯಲ್ಲಿ ಹಣವಿರಲಿ.

ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಉಡುಪಿಯ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿ, ಮನೆಬಾಗಿಲಿಗೇ ಹೋಗಿ ದಿನಕ್ಕೆ ಎರಡಾಣೆ ಸಂಗ್ರಹಿಸಿತು. ನಿಮ್ಮ ಅಜ್ಜಂದಿರಿಗೆ ಗೊತ್ತಿದ್ದ ಉಪಾಯವಿದು. ನೀವೂ ಅಂದಂದಿನ ವ್ಯಾಪಾರದಿಂದಲೇ ಸಾಲದ ಕಂತಿನ ಪಾಲು ತೆಗೆದಿಡಿ.

ಬೆಲೆ ಕಟ್ಟುವಾಗ ಅಮ್ಮನ ಕೂಲಿಯನ್ನೂ ಸೇರಿಸಿ. ಅವರು ಬೇಡವೆಂದಾರು, ಕೇಳಬೇಡಿ.